ಮೆಟಲ್ ಕಟಿಂಗ್‌ಗೆ ಯಾವ ಫೈಲ್ ಕೊಡಬೇಕು? ಡಿಎಕ್ಸ್‌ಎಫ್, ಸ್ಟೆಪ್, ಎಸ್‌ವಿಜಿ ಮತ್ತು ಮಿಕ್ಕವುಗಳ ಹೋಲಿಕೆ

ಡ್ರಾಯಿಂಗ್ ಮುಗಿದಿದೆ. ಸೇವ್ ಆ್ಯಸ್ ಒತ್ತಿದರೆ ಹತ್ತಾರು ಬಗೆಯ ಫೈಲ್ ಹೆಸರು ಸಾಲಾಗಿ ನಿಲ್ಲುತ್ತವೆ. ಶೀಟ್ ಕಟ್ ಮಾಡಿಸಲು ಇವುಗಳಲ್ಲಿ ಯಾವುದನ್ನು ಕಳಿಸಬೇಕು? "ಡಿಎಕ್ಸ್‌ಎಫ್ ಕಳಿಸಿ, ಸಾಕು" ಅಂತ ಎಲ್ಲರೂ ಹೇಳುತ್ತಾರೆ. ತಪ್ಪೇನಲ್ಲ, ಆದರೆ ಅರ್ಧ ಉತ್ತರ. ಅದೇ ಹೆಸರಿನಲ್ಲಿ ತೆರೆದ ಕೂಡಲೇ ಮೆಷಿನ್‌ಗೆ ಹೋಗುವ ಫೈಲೂ ಬರುತ್ತದೆ, ಪ್ರೋಗ್ರಾಂ ಮಾಡುವವರು ಗಂಟೆಗಟ್ಟಲೆ ಗೆರೆ ಜೋಡಿಸುತ್ತಾ ಕೂರಬೇಕಾದ ಫೈಲೂ ಬರುತ್ತದೆ.

ಹಾಗಾಗಿ ಫಾರ್ಮ್ಯಾಟ್ ಆರಿಸುವ ಮೊದಲು ಎರಡು ವಿಷಯ ತಿಳಿದುಕೊಳ್ಳಿ. ಈ ಫೈಲಿನಿಂದ ಟೂಲ್‌ಪಾತ್, ಅಂದರೆ ಮೆಷಿನ್ ಹೆಡ್ ಹೋಗುವ ದಾರಿ, ಮಾಡುವವರು ಯಾರು? ಕಟ್ ಆದ ಮೇಲೆ ಆ ತುಂಡಿಗೆ ಬೆಂಡಿಂಗ್, ಟ್ಯಾಪಿಂಗ್ (ಹೋಲ್ ಒಳಗೆ ಥ್ರೆಡ್ ಹಾಕುವುದು), ವೆಲ್ಡಿಂಗ್ ಏನಾದರೂ ಇದೆಯಾ? ಮೆಷಿನ್ ಬೇರೆಯವರದ್ದಾದರೆ ನಿಮ್ಮ ಡ್ರಾಯಿಂಗ್ ತುಂಡಿನ ಕೊನೆಯ ಅಳತೆಯನ್ನು ಮಾತ್ರ ಹೇಳಬೇಕು, ಮೆಷಿನ್ ಹೇಗೆ ಕಟ್ ಮಾಡಬೇಕು ಅನ್ನುವುದನ್ನು ಅವರಿಗೇ ಬಿಡಬೇಕು. ಮೆಷಿನ್ ನಿಮ್ಮದೇ ಆಗಿದ್ದರೂ ಆ ಎರಡು ಕೆಲಸವನ್ನು ಬೇರೆ ಬೇರೆ ಫೈಲಿನಲ್ಲಿ ಇಟ್ಟುಕೊಳ್ಳುವುದೇ ವಾಸಿ. ಯಾಕೆ ಅನ್ನುವುದು ಕರ್ಫ್ (ಕಟ್ ಆಗುವಾಗ ಹೋಗುವ ಅಗಲ) ವಿಷಯಕ್ಕೆ ಬಂದಾಗ ಗೊತ್ತಾಗುತ್ತದೆ.

ಡಿಎಕ್ಸ್‌ಎಫ್ ಮತ್ತು ಡಿಡಬ್ಲ್ಯೂಜಿ

ಎರಡೂ ಡ್ರಾಯಿಂಗ್ ಸಾಫ್ಟ್‌ವೇರ್ ಆಟೋಕ್ಯಾಡ್ ಮನೆಯವೇ. ಡಿಡಬ್ಲ್ಯೂಜಿ ಆಟೋಕ್ಯಾಡ್ ತನಗಾಗಿ ಇಟ್ಟುಕೊಂಡ ಫೈಲ್, ಅದರ ಒಳರಚನೆಯನ್ನು ಆಟೋಕ್ಯಾಡ್ ಮಾಡುವ ಕಂಪನಿ ಆಟೋಡೆಸ್ಕ್ ಬಹಿರಂಗ ಮಾಡಿಲ್ಲ. ಡಿಎಕ್ಸ್‌ಎಫ್ ಬೇರೆ ಸಾಫ್ಟ್‌ವೇರ್‌ಗಳೂ ಓದಲಿ ಅಂತಲೇ 1982ರಲ್ಲಿ ಮೊದಲ ಆಟೋಕ್ಯಾಡ್ ಜೊತೆಗೇ ಬಂದದ್ದು, ಅದರ ವಿವರವನ್ನು ಅವರೇ ಪ್ರಕಟಿಸುತ್ತಾರೆ. ನೋಟ್‌ಪ್ಯಾಡ್‌ನಲ್ಲಿ ತೆರೆದರೂ ಓದಬಹುದು. ಗೆರೆ ಎಲ್ಲಿಂದ ಎಲ್ಲಿಗೆ, ವೃತ್ತದ ಕೇಂದ್ರ ಎಲ್ಲಿ, ರೇಡಿಯಸ್ ಎಷ್ಟು, ಎಲ್ಲ ಸಾಲು ಸಾಲಾಗಿ ಕಾಣುತ್ತದೆ.

ಕಟಿಂಗ್ ಸಾಫ್ಟ್‌ವೇರ್‌ಗಳು ಡಿಎಕ್ಸ್‌ಎಫ್ ಓದದೇ ಇರುವುದು ಅಪರೂಪ. ಡಿಡಬ್ಲ್ಯೂಜಿ ಹಾಗಲ್ಲ. ಅದರ ರಚನೆ 2000, 2004, 2007, 2010, 2013, 2018 ಅಂತ ಬದಲಾಗುತ್ತಾ ಬಂದಿದೆ, ಹಳೆಯ ಕ್ಯಾಮ್ ಸಾಫ್ಟ್‌ವೇರ್ (ಡ್ರಾಯಿಂಗನ್ನು ಮೆಷಿನ್ ಪ್ರೋಗ್ರಾಂ ಮಾಡುವಂಥದ್ದು) ಇಟ್ಟುಕೊಂಡವರಿಗೆ ಹೊಸ ಡಿಡಬ್ಲ್ಯೂಜಿ ಕೊಟ್ಟರೆ ತೆರೆಯುವುದೇ ಇಲ್ಲ. ಆಟೋಕ್ಯಾಡ್‌ನಲ್ಲೇ ಕೆಲಸ ಮಾಡುವವರ ಕೈಗೆ ಹೋಗುತ್ತಿದೆ, ಅವರು ತಿದ್ದಬೇಕಾಗಿದೆ ಅಂತಾದರೆ ಡಿಡಬ್ಲ್ಯೂಜಿ ಕೊಡಿ. ಇಲ್ಲವಾದರೆ ಯೋಚಿಸದೆ ಡಿಎಕ್ಸ್‌ಎಫ್ ಕೊಡಿ.

ಡಿಎಕ್ಸ್‌ಎಫ್‌ನಲ್ಲೂ ವರ್ಷನ್ ಆರಿಸಬೇಕು, ಇಲ್ಲೇ ಜಾಸ್ತಿ ಜನ ಕೈಗೆ ಸಿಕ್ಕಿದ್ದನ್ನು ಒತ್ತಿಬಿಡುತ್ತಾರೆ. ಆರ್12 ಅನ್ನುವುದು ತುಂಬಾ ಹಳೆಯದು, ಅದನ್ನು ಓದದ ಮೆಷಿನ್ ಸಿಗುವುದು ಕಷ್ಟ. ಆದರೆ ಅದಕ್ಕೆ ಸ್ಪ್ಲೈನ್ (ಬಿಂದುಗಳಿಂದ ರೂಪಿಸಿದ ನುಣುಪಾದ ವಕ್ರ ಗೆರೆ) ಗೊತ್ತಿಲ್ಲ, ಎಲಿಪ್ಸ್ (ಅಂಡಾಕಾರ) ಗೊತ್ತಿಲ್ಲ. ನಿಮ್ಮ ಡ್ರಾಯಿಂಗ್‌ನಲ್ಲಿ ಅವು ಇದ್ದರೆ ಆರ್12ಕ್ಕೆ ಸೇವ್ ಮಾಡುವಾಗ ಸಣ್ಣ ಸಣ್ಣ ತುಂಡುಗಳ ಪಾಲಿಲೈನ್ (ಜೋಡಿಸಿದ ಗೆರೆಗಳ ಸಾಲು) ಆಗಿ ಒಡೆಯುತ್ತವೆ, ಎಷ್ಟು ಸಣ್ಣದಾಗಿ ಅನ್ನುವುದು ನಿಮ್ಮ ಕೈಯಲ್ಲಿರುವುದಿಲ್ಲ. ಅಳತೆ ಮಿಲಿಮೀಟರೋ ಇಂಚೋ ಅಂತ ಬರೆದಿಡುವ ಸಾಲೂ ಅದರಲ್ಲಿ ಇಲ್ಲ. 2000ನೇ ವರ್ಷನ್‌ನಲ್ಲಿ ಆ ಸಾಲು ಇದೆ, ಸ್ಪ್ಲೈನೂ ಹಾಗೇ ಉಳಿಯುತ್ತದೆ.

ನನ್ನ ಪ್ರಕಾರ ಬರೀ ಗೆರೆ, ಆರ್ಕ್ (ವೃತ್ತದ ತುಂಡು), ವೃತ್ತ ಇರುವ ತುಂಡಿಗೆ ಎರಡೂ ಒಂದೇ. ವಕ್ರ ಗೆರೆ ಜಾಸ್ತಿ ಇದ್ದರೆ 2000 ಅಥವಾ 2007 ಕೊಡಿ. ಕಟಿಂಗ್ ಮಾಡುವವರು "ತೆರೆಯುತ್ತಿಲ್ಲ" ಅಂದಾಗ ಮಾತ್ರ ಆರ್12ಕ್ಕೆ ಇಳಿಯಿರಿ, ಇಳಿಯುವ ಮೊದಲು ಸ್ಪ್ಲೈನ್‌ಗಳನ್ನು ನೀವೇ ಆರ್ಕ್ ಮಾಡಿಕೊಳ್ಳಿ. ಅಂದ ಹಾಗೆ, ಲೇಯರ್‌ಗಳಿಗೆ (ಡ್ರಾಯಿಂಗ್‌ನ ಬೇರೆ ಬೇರೆ ಪದರಗಳಿಗೆ) ಕನ್ನಡದಲ್ಲಿ ಹೆಸರಿಡುವ ಆಸೆ ಇದ್ದರೆ ಇಲ್ಲಿ ಮಾತ್ರ ಬಿಟ್ಟುಬಿಡಿ. 2007ಕ್ಕಿಂತ ಹಿಂದಿನ ಡಿಎಕ್ಸ್‌ಎಫ್ ಯೂನಿಕೋಡ್ ಕಾಲದ್ದಲ್ಲ, ಆ ಕಡೆ ತೆರೆದಾಗ ಬರೀ ಪ್ರಶ್ನೆ ಚಿಹ್ನೆ ಕಾಣಬಹುದು.

ಎಸ್‌ವಿಜಿ, ಪಿಡಿಎಫ್, ಇಲ್ಲಸ್ಟ್ರೇಟರ್ ಫೈಲ್

ಅಲಂಕಾರದ ಜಾಲಿ, ನಾಮಫಲಕ, ಲೋಗೋ ಮಾಡುವವರು ಸಾಮಾನ್ಯವಾಗಿ ಇಂಕ್‌ಸ್ಕೇಪ್ ಅಥವಾ ಇಲ್ಲಸ್ಟ್ರೇಟರ್‌ನಲ್ಲಿ ಬಿಡಿಸುತ್ತಾರೆ. ಕಣ್ಣಿಗೆ ಚೆನ್ನಾಗಿದ್ದರೆ ಸಾಕು ಅನ್ನುವ ಕೆಲಸಕ್ಕೆ ಎಸ್‌ವಿಜಿ ನಡೆಯುತ್ತದೆ. ಇನ್ನೊಂದು ತುಂಡಿಗೆ ಕೂರಬೇಕಾದ ಭಾಗಕ್ಕೆ ಈ ಬಗೆಯ ಫೈಲ್‌ಗಳನ್ನು ನಂಬಬೇಡಿ. ಕಾರಣ ಎರಡಿವೆ.

ಮೊದಲನೆಯದು ಅಳತೆ. ಈ ಸಾಫ್ಟ್‌ವೇರ್‌ಗಳು ಪಿಕ್ಸೆಲ್ ಲೆಕ್ಕದಲ್ಲಿ ಬರೆದಾಗ ಒಂದು ಇಂಚಿಗೆ ಎಷ್ಟು ಪಿಕ್ಸೆಲ್ ಅನ್ನುವುದರಲ್ಲಿ ಒಮ್ಮತ ಇಲ್ಲ. ಇಲ್ಲಸ್ಟ್ರೇಟರ್ 72 ಅನ್ನುತ್ತದೆ. ಇಂಕ್‌ಸ್ಕೇಪ್ 2017ರ 0.92 ವರ್ಷನ್‌ಗೆ ಮೊದಲು 90 ಅನ್ನುತ್ತಿತ್ತು, ಆಮೇಲೆ 96ಕ್ಕೆ ಬಂತು. ಬರೆದವರು 72, ಓದಿದವರು 96 ಅಂದುಕೊಂಡರೆ 100 ಎಂಎಂ ಪ್ಲೇಟ್ 75 ಎಂಎಂ ಆಗುತ್ತದೆ, ಅದು ಯಾರ ಕಣ್ಣಿಗಾದರೂ ಬೀಳಬಹುದು. ಬರೆದವರು 90, ಓದಿದವರು 96 ಅಂದಾಗ 100 ಎಂಎಂ ಪ್ಲೇಟ್ 93.75 ಆಗಿ ನಿಲ್ಲುತ್ತದೆ. ಇದು ಯಾರ ಕಣ್ಣಿಗೂ ಬೀಳುವುದಿಲ್ಲ, ಕಟ್ ಆಗಿ ಬೋಲ್ಟ್ ಹಾಕುವಾಗಲೇ ಗೊತ್ತಾಗುವುದು. ಇಂಚು ಮತ್ತು ಮಿಲಿಮೀಟರ್ ಗೊಂದಲ ಇದರ ಮುಂದೆ ಸಾಧು ಪ್ರಾಣಿ. 25.4 ಪಟ್ಟು ಹೆಚ್ಚು ಕಡಿಮೆ ಆದರೆ 240 ಎಂಎಂ ತುಂಡು ಆರು ಮೀಟರ್ ದಾಟುತ್ತದೆ, ಶೀಟಿನ ಮೇಲೆ ಕೂರುವುದೇ ಇಲ್ಲ, ಅಲ್ಲೇ ಸಿಕ್ಕಿಬೀಳುತ್ತದೆ.

ಎರಡನೆಯದು ವೃತ್ತ. ಪಿಡಿಎಫ್‌ನಲ್ಲಿ ವೃತ್ತ ಅನ್ನುವುದೇ ಇಲ್ಲ, ಗೆರೆ ಮತ್ತು ಬೆಜಿಯರ್ ವಕ್ರಗಳು ಮಾತ್ರ. ನೀವು ಬಿಡಿಸಿದ 8 ಎಂಎಂ ಹೋಲ್ ಅದರೊಳಗೆ ಸಾಮಾನ್ಯವಾಗಿ ನಾಲ್ಕು ವಕ್ರಗಳ ಜೋಡಣೆಯಾಗುತ್ತದೆ. ಅದನ್ನು ಮತ್ತೆ ಡಿಎಕ್ಸ್‌ಎಫ್ ಮಾಡಿದರೆ ಕ್ಯಾಮ್ ಸಾಫ್ಟ್‌ವೇರ್‌ಗೆ ಅದು ಹೋಲ್ ಅಂತ ಗೊತ್ತಾಗುವುದಿಲ್ಲ. ಸಣ್ಣ ಹೋಲ್‌ಗಳಿಗೆ ಕೊಡುವ ನಿಧಾನ ವೇಗ, ಬೇರೆ ಪಿಯರ್ಸಿಂಗ್ (ಕಟ್ ಶುರುವಾಗುವ ತೂತು ಕೊರೆಯುವುದು) ಇವೆಲ್ಲ ತಾನಾಗಿ ಬರುವುದಿಲ್ಲ. ಹೋಲ್ ಮೊಟ್ಟೆಯಾಕಾರ ಆದಾಗ ಮೆಷಿನ್ ಸರಿ ಇಲ್ಲ ಅಂತ ಎಲ್ಲರೂ ಬೈಯುತ್ತಾರೆ.

ಪಿಡಿಎಫ್‌ಗೆ ಬೇರೆ ಕೆಲಸ ಇದೆ. ಅಳತೆ, ಮೆಟೀರಿಯಲ್, ದಪ್ಪ, ಯಾವ ಹೋಲ್‌ಗೆ ಟ್ಯಾಪ್ ಅಂತೆಲ್ಲ ಬರೆದ ಕಾಗದವಾಗಿ ಅದು ಡಿಎಕ್ಸ್‌ಎಫ್ ಜೊತೆಗೆ ಹೋಗಲಿ. ಓದಲು ಪಿಡಿಎಫ್, ಕಟ್ ಮಾಡಲು ಡಿಎಕ್ಸ್‌ಎಫ್.

ಎಸ್‌ಟಿಎಲ್ ಬಗ್ಗೆ ಒಂದೇ ಮಾತು. ಅದು ತ್ರಿಕೋನಗಳ ಗುಡ್ಡೆ, 3ಡಿ ಪ್ರಿಂಟಿಂಗ್‌ಗೆ ಸರಿ. ಶೀಟ್ ಕಟಿಂಗ್‌ಗೆ ಕಳಿಸಬೇಡಿ.

ಬೆಂಡಿಂಗ್ ಇದ್ದರೆ: ಫ್ಲ್ಯಾಟ್ ಪ್ಯಾಟರ್ನ್ ನೀವೇ ಮಾಡುವುದಾ, ಸ್ಟೆಪ್ ಕೊಡುವುದಾ?

ಈ ಇಡೀ ಬರಹದಲ್ಲಿ ದುಡ್ಡು ಹೆಚ್ಚು ಹೋಗುವ ಜಾಗ ಇದು, ಹಾಗಾಗಿ ನಿಧಾನವಾಗಿ ಓದಿ.

ರಟ್ಟಿನ ಡಬ್ಬಿಯನ್ನು ಬಿಡಿಸಿ ನೆಲದ ಮೇಲೆ ಹಾಸಿದ ಹಾಗೆ, ಬೆಂಡ್ ಆಗುವ ಭಾಗವನ್ನು ಮೊದಲು ಚಪ್ಪಟೆ ಮಾಡಿಕೊಂಡು ಕಟ್ ಮಾಡಬೇಕು. ಆ ಚಪ್ಪಟೆ ಆಕಾರವೇ ಫ್ಲ್ಯಾಟ್ ಪ್ಯಾಟರ್ನ್. ಆದರೆ ಲೋಹ ರಟ್ಟಿನ ಹಾಗಲ್ಲ, ಬಾಗುವಾಗ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ. ಹಿಗ್ಗದೆ ಕುಗ್ಗದೆ ಉಳಿಯುವ ಪದರ ದಪ್ಪದಲ್ಲಿ ಎಲ್ಲಿದೆ ಅನ್ನುವುದನ್ನು ಹೇಳುವ ಸಂಖ್ಯೆಯೇ ಕೆ ಫ್ಯಾಕ್ಟರ್. 2 ಎಂಎಂ ಶೀಟ್, ಒಳಗಿನ ರೇಡಿಯಸ್ 2 ಎಂಎಂ, 90 ಡಿಗ್ರಿ ಬೆಂಡ್ ಅಂತ ಇಟ್ಟುಕೊಳ್ಳಿ. ಕೆ ಫ್ಯಾಕ್ಟರ್ 0.33 ಹಾಕಿದರೆ ಆ ಬೆಂಡಿಗೆ ಬೇಕಾದ ಉದ್ದ ಸುಮಾರು 4.18 ಎಂಎಂ. 0.44 ಹಾಕಿದರೆ 4.52. ಒಂದು ಬೆಂಡಿಗೆ ಮೂರನೇ ಒಂದು ಮಿಲಿಮೀಟರ್ ವ್ಯತ್ಯಾಸ. ನಾಲ್ಕು ಬೆಂಡ್ ಇದ್ದರೆ 1.4 ಎಂಎಂ ಹತ್ತಿರ ಆಗುತ್ತದೆ, ಮುಚ್ಚಳ ಕೂರುವುದಿಲ್ಲ.

ಸರಿಯಾದ ಕೆ ಫ್ಯಾಕ್ಟರ್ ಯಾವುದು? ಅದು ನಿಮ್ಮ ಕಂಪ್ಯೂಟರ್‌ನಲ್ಲಿ ಇಲ್ಲ, ಬೆಂಡ್ ಮಾಡುವವರ ಪ್ರೆಸ್ ಬ್ರೇಕ್‌ನಲ್ಲಿದೆ. ಏರ್ ಬೆಂಡಿಂಗ್‌ನಲ್ಲಿ (ಶೀಟನ್ನು ಡೈ ತಳಕ್ಕೆ ಒತ್ತದೆ ಬಾಗಿಸುವುದು) ಒಳ ರೇಡಿಯಸ್ ಅನ್ನುವುದು ಕೆಳಗಿನ ವಿ ಡೈ ಎಷ್ಟು ಅಗಲ ಇದೆ ಅನ್ನುವುದರ ಮೇಲೆ ನಿಂತಿದೆ. ಮೈಲ್ಡ್ ಸ್ಟೀಲ್‌ಗೆ ವಿ ಅಗಲದ ಸುಮಾರು ಆರನೇ ಒಂದು ಭಾಗ ಅಂತ ಲೆಕ್ಕ ಹಿಡಿಯುತ್ತಾರೆ, ಸ್ಟೇನ್‌ಲೆಸ್‌ಗೆ ಐದನೇ ಒಂದು. ಅಂದರೆ 16 ಎಂಎಂ ಡೈ ಹಾಕಿದರೆ ಮೈಲ್ಡ್ ಸ್ಟೀಲ್ ಬೆಂಡಿನ ಒಳ ರೇಡಿಯಸ್ 2.6 ಎಂಎಂ ಸುತ್ತ ಬರುತ್ತದೆ, ನೀವು ಮಾಡೆಲ್‌ನಲ್ಲಿ 1 ಅಂತ ಬರೆದಿದ್ದರೂ ಅಷ್ಟೇ.

ಹಾಗಾಗಿ ಕಟಿಂಗ್, ಬೆಂಡಿಂಗ್ ಎರಡೂ ಒಂದೇ ಕಡೆ ಆಗುತ್ತಿದ್ದರೆ ಸ್ಟೆಪ್ ಫೈಲ್ ಕೊಡಿ. ಸ್ಟೆಪ್ ಅನ್ನುವುದು ಐಎಸ್‌ಒ 10303 ಅನ್ನುವ ಅಂತರರಾಷ್ಟ್ರೀಯ ಮಾನದಂಡ, 3ಡಿ ಮಾಡೆಲನ್ನು ನಿಜವಾದ ಮೇಲ್ಮೈಗಳ ಸಮೇತ ಒಯ್ಯುತ್ತದೆ, ಸಾಲಿಡ್‌ವರ್ಕ್ಸ್‌ನಲ್ಲಿ ಮಾಡಿದ್ದು ಫ್ಯೂಷನ್‌ನಲ್ಲೋ ಫ್ರೀಕ್ಯಾಡ್‌ನಲ್ಲೋ ತೆರೆಯುತ್ತದೆ. ಅವರು ತಮ್ಮ ಡೈಗೆ ತಕ್ಕಂತೆ ಬಿಡಿಸಿಕೊಳ್ಳುತ್ತಾರೆ. ಬೆಂಡ್ ಆದ ಮೇಲಿನ ಅಳತೆಗಳಲ್ಲಿ ಯಾವುದು ಮುಖ್ಯ ಅಂತ ಪಿಡಿಎಫ್‌ನಲ್ಲಿ ಗುರುತು ಮಾಡಿದರೆ ತಪ್ಪಿದಾಗ ಯಾರ ತಪ್ಪು ಅನ್ನುವ ಜಗಳವೂ ಇರುವುದಿಲ್ಲ.

ಕಟಿಂಗ್ ಒಂದು ಕಡೆ, ಬೆಂಡಿಂಗ್ ನಿಮ್ಮಲ್ಲೇ ಅಂತಾದರೆ ಉಲ್ಟಾ. ಆಗ ನಿಮ್ಮ ಬ್ರೇಕ್‌ನಲ್ಲಿ ಒಂದು ಪಟ್ಟಿ ಬಾಗಿಸಿ ಅಳೆದು, ಅದರಿಂದ ಕೆ ಫ್ಯಾಕ್ಟರ್ ತೆಗೆದು, ಫ್ಲ್ಯಾಟ್ ಪ್ಯಾಟರ್ನ್ ಡಿಎಕ್ಸ್‌ಎಫ್ ನೀವೇ ಮಾಡಬೇಕು. ಬೆಂಡ್ ಗೆರೆಗಳನ್ನು ಬೇರೆ ಲೇಯರ್‌ಗೆ ಹಾಕಿ. ಅದೇ ಲೇಯರ್‌ನಲ್ಲಿ ಬಿಟ್ಟರೆ ಬೆಂಡ್ ಆಗಬೇಕಾದ ಜಾಗದಲ್ಲಿ ಕಟ್ ಆಗುತ್ತದೆ. ಇದು ಜೋಕಲ್ಲ.

ಸಾಲಿಡ್‌ವರ್ಕ್ಸ್ ಬಳಸುವವರಿಗೆ ಇನ್ನೊಂದು ಮಾತು. ಡಿಎಕ್ಸ್‌ಎಫನ್ನು ಪಾರ್ಟ್‌ನ ಫ್ಲ್ಯಾಟ್ ಪ್ಯಾಟರ್ನ್‌ನಿಂದ ನೇರ ತೆಗೆಯುವುದು ಒಂದು ದಾರಿ, ಡ್ರಾಯಿಂಗ್ ಶೀಟಿನಿಂದ ಸೇವ್ ಮಾಡುವುದು ಇನ್ನೊಂದು. ಎರಡನೆಯ ದಾರಿಯಲ್ಲಿ ಶೀಟ್ 1:2 ಸ್ಕೇಲ್‌ನಲ್ಲಿದ್ದರೆ, ಸೇವ್ ಮಾಡುವಾಗ 1:1 ಆಯ್ಕೆ ಹಾಕದೇ ಇದ್ದರೆ, ಫೈಲೂ ಅರ್ಧ ಅಳತೆಯಲ್ಲೇ ಹೊರಬರುತ್ತದೆ. ಜೊತೆಗೆ ಬಾರ್ಡರ್, ಟೈಟಲ್ ಬ್ಲಾಕ್, ಮರೆಯಲ್ಲಿರುವ ಗೆರೆಗಳು, ಥ್ರೆಡ್ ತೋರಿಸುವ ಹೊರವೃತ್ತ ಎಲ್ಲ ಬರುತ್ತವೆ. ಮೊದಲ ದಾರಿಯೇ ಒಳ್ಳೆಯದು. ಫ್ರೀಕ್ಯಾಡ್‌ನಲ್ಲಿ ಶೀಟ್‌ಮೆಟಲ್ ವರ್ಕ್‌ಬೆಂಚ್ ಸೇರಿಸಿಕೊಂಡರೆ ಅಲ್ಲೂ ಬಿಡಿಸುವ ಕೆಲಸ ಆಗುತ್ತದೆ.

ಗೆರೆಗಳಲ್ಲೂ ಆಯ್ಕೆ ಇದೆ

ಆರ್ಕ್, ಪಾಲಿಲೈನ್, ಸ್ಪ್ಲೈನ್. ಸ್ಕ್ರೀನ್ ಮೇಲೆ ಮೂರೂ ಒಂದೇ ತರಹ ಕಾಣಬಹುದು, ಮೆಷಿನ್‌ಗೆ ಬೇರೆ ಬೇರೆ. ಮೆಷಿನ್ ನಡೆಸುವ ಸಿಎನ್‌ಸಿ ಕಂಟ್ರೋಲರ್‌ಗೆ ಮುಖ್ಯವಾಗಿ ಅರ್ಥವಾಗುವುದು ಎರಡೇ ಚಲನೆ: ನೇರ ಗೆರೆ, ಅಂದರೆ ಜಿ01, ಮತ್ತು ಆರ್ಕ್, ಅಂದರೆ ಜಿ02 ಹಾಗೂ ಜಿ03. 50 ಎಂಎಂ ರೇಡಿಯಸ್‌ನ ನಿಜವಾದ ವೃತ್ತ ಒಂದೆರಡು ಸಾಲಿನಲ್ಲಿ ಮುಗಿಯುತ್ತದೆ. ಅದನ್ನೇ 0.01 ಎಂಎಂ ನಿಖರತೆಯಲ್ಲಿ ನೇರ ತುಂಡುಗಳಾಗಿ ಒಡೆದರೆ ಒಂದೊಂದೂ 2 ಎಂಎಂ ಉದ್ದದ ಸುಮಾರು 157 ತುಂಡು ಬೇಕು. ಪ್ರತಿ ತುಂಡಿನ ಕೊನೆಯಲ್ಲಿ ದಿಕ್ಕು ತಿರುಗುತ್ತದೆ. ಕಂಟ್ರೋಲರ್ ಮುಂದಿನ ಸಾಲುಗಳನ್ನು ಮೊದಲೇ ಓದಿಕೊಳ್ಳುವಷ್ಟು ಚುರುಕಾಗಿಲ್ಲದಿದ್ದರೆ ಅಲ್ಲೆಲ್ಲ ತಡವರಿಸುತ್ತದೆ, ಲೇಸರ್‌ನಲ್ಲಿ ಅಂಚಿನ ಮೇಲೆ ಗೆರೆ ಗೆರೆ ಮೂಡುತ್ತದೆ, ಪ್ಲಾಸ್ಮಾದಲ್ಲಿ (ವಿದ್ಯುತ್ ಕಿಡಿಯಿಂದ ಕಾದ ಅನಿಲದಲ್ಲಿ ಕೊರೆಯುವ ಮೆಷಿನ್) ಕಾವು ಜಾಸ್ತಿ ಆಗಿ ಕೆಳಗೆ ಡ್ರಾಸ್ (ಕರಗಿ ಗಟ್ಟಿಯಾದ ಲೋಹ) ಅಂಟುತ್ತದೆ.

ಸ್ಪ್ಲೈನ್ ಕೊಟ್ಟರೆ ಆ ಕಡೆಯ ಸಾಫ್ಟ್‌ವೇರ್ ಹೀಗೇ ಒಡೆಯುತ್ತದೆ, ತನಗೆ ತೋಚಿದ ನಿಖರತೆಯಲ್ಲಿ. ಆದ್ದರಿಂದ ಸಾಧ್ಯವಾದಲ್ಲೆಲ್ಲ ಆರ್ಕ್‌ಗಳಿಂದಲೇ ಬಿಡಿಸಿ. ಸಿಕ್ಕಿದ ಕಲಾಕೃತಿ ಪೂರ್ತಿ ಸ್ಪ್ಲೈನ್ ಆಗಿದ್ದರೆ ಆರ್ಕ್‌ಗಳಿಗೆ ಬದಲಾಯಿಸುವ ಆಯ್ಕೆ ಅನೇಕ ಕ್ಯಾಮ್ ಸಾಫ್ಟ್‌ವೇರ್‌ಗಳಲ್ಲಿ ಇರುತ್ತದೆ, ಲೇಸರ್‌ಗೆ 0.05 ಎಂಎಂ ವ್ಯತ್ಯಾಸ ಬಿಟ್ಟುಕೊಟ್ಟರೆ ಸಾಕು, ಪ್ಲಾಸ್ಮಾಗೆ 0.1 ಕೂಡ ಧಾರಾಳ. ಫೋಟೋದಿಂದ ಆಟೋ ಟ್ರೇಸ್ ಮಾಡಿದ ಫೈಲ್ ಅಂತೂ ಸಾವಿರಾರು ನೋಡ್‌ಗಳ ಮುಳ್ಳುಬೇಲಿ. ಅದನ್ನು ಸರಿ ಮಾಡುವುದಕ್ಕಿಂತ ಅದರ ಮೇಲೆ ಹೊಸದಾಗಿ ಗೆರೆ ಎಳೆಯುವುದೇ ಬೇಗ ಆಗುತ್ತದೆ.

ಇನ್ನು ಶುಚಿ ಮಾಡುವ ಕೆಲಸ. ಇದರಲ್ಲಿ ಆಯ್ಕೆ ಏನೂ ಇಲ್ಲ, ಮಾಡಲೇಬೇಕು. ಒಂದರ ಮೇಲೊಂದು ಕೂತ ಗೆರೆಗಳನ್ನು ತೆಗೆಯಿರಿ, ಆಟೋಕ್ಯಾಡ್‌ನಲ್ಲಿ ಓವರ್‌ಕಿಲ್ ಕಮಾಂಡ್ ಇದಕ್ಕೇ ಇದೆ. ಬಿಟ್ಟರೆ ಮೆಷಿನ್ ಅದೇ ದಾರಿಯಲ್ಲಿ ಎರಡನೇ ಸಲ ಹೋಗುತ್ತದೆ. ಅಷ್ಟರಲ್ಲಿ ತುಂಡು ಸಡಿಲವಾಗಿ ಓರೆಯಾಗಿ ನಿಂತಿದ್ದರೆ ಹೆಡ್ ಅದಕ್ಕೆ ಬಡಿಯಬಹುದು. ಪ್ಲಾಸ್ಮಾದಲ್ಲಿ ವಿದ್ಯುತ್ ಕಿಡಿ ನಿಲ್ಲಲು ಲೋಹವೇ ಇರದೆ ಆರಿಹೋಗುತ್ತದೆ. ತೆರೆದ ತುದಿಗಳನ್ನು ಮುಚ್ಚಲು ಪಾಲಿಲೈನ್ ಎಡಿಟ್‌ನಲ್ಲಿ ಜಾಯಿನ್ ಬಳಸಿ. ಎಲ್ಲಾದರೂ ಸಂದಿ ಉಳಿದಿದೆಯಾ ಅಂತ ನೋಡಲು ಸುಲಭದ ಉಪಾಯ ಹ್ಯಾಚ್ ಹಾಕುವುದು, ಅಂದರೆ ಒಳಭಾಗವನ್ನು ಗೆರೆಗಳಿಂದ ತುಂಬುವುದು. ಮುಚ್ಚಿದ ಆಕಾರವಾದರೆ ಹ್ಯಾಚ್ ತುಂಬುತ್ತದೆ, ಇಲ್ಲವಾದರೆ ತಕರಾರು ತೆಗೆಯುತ್ತದೆ, ಯಾವ ಕ್ಯಾಡ್‌ನಲ್ಲಾದರೂ ನಡೆಯುತ್ತದೆ. ನೋಡಿದ ಮೇಲೆ ಹ್ಯಾಚ್ ಅಳಿಸುವುದನ್ನು ಮರೆಯಬೇಡಿ. ಬ್ಲಾಕ್‌ಗಳನ್ನು (ಒಂದೇ ವಸ್ತುವಾಗಿ ಕಟ್ಟಿಟ್ಟ ಗೆರೆಗಳನ್ನು) ಎಕ್ಸ್‌ಪ್ಲೋಡ್ ಮಾಡಿ ಬಿಡಿಬಿಡಿಯಾಗಿಸಿ. 3ಡಿಯಿಂದ ಬಂದ ಗೆರೆಗಳ ಜೆಡ್ ಬೆಲೆ ಸೊನ್ನೆ ಇದೆಯಾ ನೋಡಿ, ಬೇರೆ ಬೇರೆ ಎತ್ತರದಲ್ಲಿರುವ ಎರಡು ತುದಿಗಳು ಮೇಲಿಂದ ನೋಡಿದರೆ ಕೂಡಿಕೊಂಡಂತೆ ಕಾಣುತ್ತವೆ, ಜಾಯಿನ್ ಮಾತ್ರ ಆಗುವುದಿಲ್ಲ.

ಲೇಸರ್, ಪ್ಲಾಸ್ಮಾ, ವಾಟರ್‌ಜೆಟ್: ಒಂದೇ ಫೈಲ್ ಮೂರಕ್ಕೂ ಆಗುತ್ತದಾ?

ಹೊರ ಆಕಾರಕ್ಕೆ ಆಗುತ್ತದೆ. ಹೋಲ್, ಸ್ಲಾಟ್, ಚೂಪು ಮೂಲೆ ಬಂದಾಗ ಆಗುವುದಿಲ್ಲ.

ಕಟ್ ಆಗುವಾಗ ಸುಟ್ಟೋ ಸವೆದೋ ಹೋಗುವ ಅಗಲಕ್ಕೆ ಕರ್ಫ್ ಅನ್ನುತ್ತಾರೆ. ತೆಳು ಶೀಟಿನಲ್ಲಿ ಫೈಬರ್ ಲೇಸರ್‌ನ ಕರ್ಫ್ 0.1ರಿಂದ 0.3 ಎಂಎಂ. ಒತ್ತಡದ ನೀರಿನಿಂದ ಕೊರೆಯುವ, ಮರಳು ಬೆರೆಸಿದ ವಾಟರ್‌ಜೆಟ್‌ನಲ್ಲಿ ಸಾಮಾನ್ಯವಾಗಿ 1 ಎಂಎಂ ಆಸುಪಾಸು. ಪ್ಲಾಸ್ಮಾದಲ್ಲಿ ಆ್ಯಂಪಿಯರ್ ಏರಿದ ಹಾಗೆ ಏರುತ್ತದೆ, 1.5 ಎಂಎಂ ದಾಟುವುದು ಮಾಮೂಲು. ದುಂಡಗಿನ ಕಿರಣ ಚೌಕ ಮೂಲೆ ಕೊರೆಯಲಾರದು, ಒಳಮೂಲೆಗೆ ಕರ್ಫಿನ ಅರ್ಧದಷ್ಟಾದರೂ ರೇಡಿಯಸ್ ಬಂದೇ ಬರುತ್ತದೆ. ಚೌಕ ತುಂಡು ಆ ಮೂಲೆಗೆ ಕೂರಬೇಕಾಗಿದ್ದರೆ ಮೂಲೆಯಲ್ಲಿ ಸಣ್ಣ ರಿಲೀಫ್ ಹೋಲ್ ಬಿಡಿಸಿ.

ಹೋಲ್ ವಿಷಯದಲ್ಲಿ ಅಂತರ ಇನ್ನೂ ದೊಡ್ಡದು. ಲೇಸರ್‌ಗೆ ಹೋಲ್ ಡಯಾಮೀಟರ್ ಶೀಟಿನ ದಪ್ಪದಷ್ಟು ಇದ್ದರೆ ಯಾರೂ ಬೇಡ ಅನ್ನುವುದಿಲ್ಲ, ಒಳ್ಳೆಯ ಫೈಬರ್ ಮೆಷಿನ್‌ಗಳು ಅದಕ್ಕಿಂತ ಸಣ್ಣದನ್ನೂ ಮಾಡುತ್ತವೆ. ಸಾಧಾರಣ ಪ್ಲಾಸ್ಮಾಗೆ ದಪ್ಪದ ಒಂದೂವರೆಯಿಂದ ಎರಡು ಪಟ್ಟು ಕೊಡಿ. ಅದರ ಕಟ್ ಸ್ವಲ್ಪ ಓರೆ ಇರುತ್ತದೆ, ಮೇಲೆ ಒಂದು ಅಳತೆ, ಕೆಳಗೆ ಇನ್ನೊಂದು. ಗಾಳಿ ಅಥವಾ ನೈಟ್ರೋಜನ್ ಬಳಸಿದರೆ ಅಂಚು ಗಟ್ಟಿಯಾಗಿ ಟ್ಯಾಪ್ ಮುರಿಯುವುದೂ ಉಂಟು. ಹಾಗಾಗಿ ಪ್ಲಾಸ್ಮಾ ಕೆಲಸದಲ್ಲಿ ಥ್ರೆಡ್ ಬೇಕಾದ ಹೋಲನ್ನು ಕಟ್ ಮಾಡಿಸಬೇಡಿ, ಕೇಂದ್ರದ ಗುರುತು ಮಾತ್ರ ಹಾಕಿಸಿ ಆಮೇಲೆ ಡ್ರಿಲ್ ಮಾಡಿ. ಲೇಸರ್ ಅಥವಾ ವಾಟರ್‌ಜೆಟ್ ಆದರೆ ಟ್ಯಾಪ್‌ಗೆ ಬೇಕಾದ ಅಳತೆಯಲ್ಲೇ ಬಿಡಿಸಬಹುದು: ಎಂ6ಕ್ಕೆ 5 ಎಂಎಂ, ಎಂ8ಕ್ಕೆ 6.8, ಎಂ10ಕ್ಕೆ 8.5. ಬೋಲ್ಟ್ ಅಳತೆಯನ್ನೇ ಹೋಲ್ ಅಳತೆ ಅಂತ ಬಿಡಿಸಿದರೆ ಥ್ರೆಡ್ ಹಾಕಲು ಲೋಹವೇ ಉಳಿಯುವುದಿಲ್ಲ. ಕೌಂಟರ್‌ಸಿಂಕ್ (ಸ್ಕ್ರೂ ತಲೆ ಕೂರುವ ಓರೆ ಗುಳಿ) ಇದ್ದರೆ ಒಳಗಿನ ಸಣ್ಣ ವೃತ್ತ ಮಾತ್ರ ಕಟಿಂಗ್ ಲೇಯರ್‌ನಲ್ಲಿರಲಿ.

ಒಂದಕ್ಕೊಂದು ಸಿಕ್ಕಿಸುವ ಟ್ಯಾಬ್ ಮತ್ತು ಸ್ಲಾಟ್ ಇದ್ದರೆ ಶೀಟಿನ ದಪ್ಪವನ್ನು ಅಳೆದು ನೋಡಿ, ಅಂಗಡಿಯವರು ಹೇಳಿದ ದಪ್ಪವನ್ನು ನಂಬಬೇಡಿ. ಲೇಸರ್‌ಗೆ ಅದರ ಮೇಲೆ 0.2 ಎಂಎಂ ಸೇರಿಸಿ ಸಣ್ಣ ತುಂಡಿನಲ್ಲಿ ಪ್ರಯೋಗ ಮಾಡಿ, ಪ್ಲಾಸ್ಮಾಗೆ ಅರ್ಧ ಎಂಎಂನಿಂದ ಶುರು ಮಾಡಿ.

ಮೂರರಲ್ಲಿ ಯಾವುದು ಅನ್ನುವ ಪ್ರಶ್ನೆಗೆ ಚಿಕ್ಕ ಉತ್ತರ: ತೆಳು ಶೀಟ್, ನುಣ್ಣನೆಯ ವಿವರ ಇದ್ದರೆ ಲೇಸರ್. ದಪ್ಪ ಸ್ಟೀಲ್, ಆಮೇಲೆ ವೆಲ್ಡಿಂಗ್ ಆಗುವ ಬ್ರಾಕೆಟ್, ಗಸೆಟ್ ಅಂದರೆ ಪ್ಲಾಸ್ಮಾ. ಕಾವು ತಾಕಲೇಬಾರದು ಅನ್ನುವ ಕೆಲಸಕ್ಕೆ, ತುಂಬಾ ದಪ್ಪದ ಅಲ್ಯೂಮಿನಿಯಂಗೆ ವಾಟರ್‌ಜೆಟ್. ತಾಮ್ರ, ಹಿತ್ತಾಳೆ ಇದ್ದರೆ ಲೇಸರ್ ಯಾವ ಬಗೆಯದ್ದು ಅಂತ ಮೊದಲೇ ಕೇಳಿ. ಹಳೆಯ ಸಿಒ2 ಲೇಸರ್‌ನ ಬೆಳಕನ್ನು ಈ ಲೋಹಗಳು ಕನ್ನಡಿ ತರಹ ಹಿಂದಕ್ಕೆ ಕಳಿಸುತ್ತವೆ, ಫೈಬರ್ ಲೇಸರ್ ಆದರೆ ಆಗುತ್ತದೆ. ಪೇಂಟ್ ಮಾಡುವ ತುಂಡಾದರೆ ಆಕ್ಸಿಜನ್‌ನಲ್ಲಿ ಕಟ್ ಮಾಡುತ್ತಾರಾ ನೈಟ್ರೋಜನ್‌ನಲ್ಲಾ ಅನ್ನುವುದನ್ನೂ ಕೇಳಿ. ಆಕ್ಸಿಜನ್ ಅಂಚಿನ ಮೇಲೆ ಆಕ್ಸೈಡ್ ಪದರ ಬಿಡುತ್ತದೆ, ಅದನ್ನು ಉಜ್ಜಿ ತೆಗೆಯದಿದ್ದರೆ ಪೇಂಟ್ ಎದ್ದು ಬರುತ್ತದೆ.

ಕರ್ಫ್ ಲೆಕ್ಕ ಯಾರು ಹಾಕಬೇಕು?

ಕ್ಯಾಮ್ ಮಾಡುವವರು. ನೀವಲ್ಲ.

ಉದಾಹರಣೆಗೆ 50 ಎಂಎಂ ಹೋಲ್ ಬೇಕು, ಕರ್ಫ್ 1.5 ಎಂಎಂ. ನೀವು ಜಾಣತನ ಮಾಡಿ 48.5 ಅಂತ ಬಿಡಿಸಿದಿರಿ. ಆ ಕಡೆಯವರ ಸಾಫ್ಟ್‌ವೇರ್ ಎಂದಿನಂತೆ ಕರ್ಫ್ ಕಳೆದು 47ರ ದಾರಿಯಲ್ಲಿ ಕಟ್ ಮಾಡಿತು. ಕೈಗೆ ಬಂದದ್ದು 48.5 ಎಂಎಂ ಹೋಲ್. ಯಾರೂ ತಪ್ಪು ಮಾಡಿಲ್ಲ, ತುಂಡು ಮಾತ್ರ ಗುಜರಿಗೆ ಹೋಯಿತು. ಕರ್ಫ್ ನಾಜಲ್ ಸವೆದ ಹಾಗೆ, ದಪ್ಪ ಬದಲಾದ ಹಾಗೆ ಬದಲಾಗುತ್ತಲೇ ಇರುತ್ತದೆ. ಅದನ್ನು ಡ್ರಾಯಿಂಗ್ ಒಳಗೆ ಹುದುಗಿಸಿದರೆ ಆ ಫೈಲ್ ಆ ದಿನಕ್ಕೆ, ಆ ಮೆಷಿನ್‌ಗೆ ಮಾತ್ರ ಸರಿ. ನಿಮ್ಮದೇ ಮೆಷಿನ್ ಇದ್ದಾಗಲೂ ಮೂಲ ಡ್ರಾಯಿಂಗ್ ಮುಟ್ಟಬೇಡಿ ಅಂತ ಮೇಲೆ ಹೇಳಿದ್ದು ಇದಕ್ಕೇ. ಲೀಡ್-ಇನ್ (ಕಟ್ ಗೆರೆಗೆ ಬಂದು ಸೇರುವ ದಾರಿ), ಮೈಕ್ರೋ ಜಾಯಿಂಟ್ (ತುಂಡು ಬೀಳದಂತೆ ಉಳಿಸುವ ಸಣ್ಣ ಕೊಂಡಿ), ಕಟ್ ಆಗುವ ದಿಕ್ಕು ಇವೂ ಹಾಗೇ. ಪ್ಲಾಸ್ಮಾದಲ್ಲಿ ಟಾರ್ಚ್ ಹೋಗುವ ದಿಕ್ಕಿನ ಬಲಭಾಗ ಸಾಮಾನ್ಯವಾಗಿ ನೆಟ್ಟಗೆ ಬರುತ್ತದೆ, ಅದಕ್ಕೇ ಹೊರಗೆರೆಯನ್ನು ಗಡಿಯಾರದ ದಿಕ್ಕಿನಲ್ಲೂ ಹೋಲ್‌ಗಳನ್ನು ಎದುರು ದಿಕ್ಕಿನಲ್ಲೂ ಕೊರೆಯುತ್ತಾರೆ. ಇದೆಲ್ಲ ಅವರ ತಲೆನೋವು. ಯಾವ ಅಂಚಿನ ಮೇಲೆ ಪಿಯರ್ಸಿಂಗ್ ಗುರುತು ಕಾಣಬಾರದು ಅಂತ ನೀವು ಪಿಡಿಎಫ್‌ನಲ್ಲಿ ಬರೆದರೆ ಸಾಕು.

ಅಕ್ಷರ ಇದ್ದರೆ

ಕೆತ್ತುವ ಅಕ್ಷರಕ್ಕೆ ಒಂಟಿ ಗೆರೆಯ ಫಾಂಟ್, ಕಟ್ ಆಗುವ ಅಕ್ಷರಕ್ಕೆ ಸ್ಟೆನ್ಸಿಲ್. ಸಾಮಾನ್ಯ ಫಾಂಟಿನಲ್ಲಿ ಪ್ರತಿ ಅಕ್ಷರಕ್ಕೂ ಎರಡು ಬದಿಯ ಗೆರೆ ಇರುತ್ತದೆ, ಅದನ್ನು ಕೆತ್ತಿದರೆ ಬರೀ ಹೊರರೇಖೆ ಮೂಡುತ್ತದೆ, ಸಮಯವೂ ಜಾಸ್ತಿ. ಕಟ್ ಮಾಡಿಸುವಾಗ ಕನ್ನಡ ಅಕ್ಷರಗಳಲ್ಲಿ ಗಮನ ಇನ್ನೂ ಹೆಚ್ಚು ಬೇಕು. ಠ, ರ, ಅನುಸ್ವಾರದ ಸೊನ್ನೆ, ಇವುಗಳ ಒಳಭಾಗ ಪೂರ್ತಿ ಸುತ್ತುವರಿದದ್ದು, ಕಟ್ ಆದ ಕೂಡಲೇ ಉದುರಿ ಕೆಳಗೆ ಬೀಳುತ್ತದೆ. ಅಲ್ಲಲ್ಲಿ ಸೇತುವೆ ಬಿಡಿ, ಶೀಟಿನ ದಪ್ಪಕ್ಕಿಂತ ಕಿರಿದಾಗದಿದ್ದರೆ ಒಳ್ಳೆಯದು. ಒತ್ತಕ್ಷರಗಳು ಮೇಲಿನ ಅಕ್ಷರಕ್ಕೆ ತಾಗಿಕೊಂಡಿದ್ದರೆ ಯೂನಿಯನ್ ಮಾಡಿ ಒಂದೇ ಗೆರೆ ಮಾಡಿಕೊಳ್ಳಿ. ಏನೇ ಇರಲಿ, ಕಳಿಸುವ ಮೊದಲು ಟೆಕ್ಸ್ಟನ್ನು ಔಟ್‌ಲೈನ್ ಆಗಿ ಬದಲಾಯಿಸಿ. ಡಿಎಕ್ಸ್‌ಎಫ್ ಒಳಗೆ ಟೆಕ್ಸ್ಟ್ ಬರೀ ಅಕ್ಷರ ಮತ್ತು ಫಾಂಟಿನ ಹೆಸರಾಗಿ ಇರುತ್ತದೆ, ಆ ಫಾಂಟ್ ಅವರಲ್ಲಿ ಇಲ್ಲದಿದ್ದರೆ ಬೇರೆ ಏನೋ ಕಾಣುತ್ತದೆ, ಇಲ್ಲ ಏನೂ ಕಾಣುವುದಿಲ್ಲ.

ನೆಸ್ಟಿಂಗ್ ಮಾಡಿ ಕೊಡುವುದಾ, ಒಂದೇ ತುಂಡು ಕೊಡುವುದಾ?

ಮೆಟೀರಿಯಲ್ ನಿಮ್ಮದು, ಶೀಟಿನ ಅಳತೆ ಖಚಿತವಾಗಿ ಗೊತ್ತು ಅಂದರೆ ನೆಸ್ಟಿಂಗ್, ಅಂದರೆ ತುಂಡುಗಳನ್ನು ಒಂದೇ ಶೀಟಿನಲ್ಲಿ ಜೋಡಿಸಿಡುವ ಕೆಲಸ, ಮಾಡಬಹುದು. ಇಲ್ಲದಿದ್ದರೆ ಒಂದು ತುಂಡಿಗೆ ಒಂದು ಫೈಲ್, ಪಕ್ಕದಲ್ಲಿ ಎಷ್ಟು ಬೇಕು ಅನ್ನುವ ಸಂಖ್ಯೆ. ಅವರಿಗೆ ತಮ್ಮಲ್ಲಿ ಉಳಿದ ಶೀಟ್ ತುಂಡುಗಳು ಗೊತ್ತು, ಬೇರೆಯವರ ಕೆಲಸದ ಸಂದಿಯಲ್ಲಿ ನಿಮ್ಮದನ್ನು ಕೂರಿಸುತ್ತಾರೆ, ಅದರಿಂದ ನಿಮಗೂ ಉಳಿತಾಯ ಆಗಬಹುದು. ಆದರೆ ಬ್ರಷ್ ಫಿನಿಶ್ ಸ್ಟೇನ್‌ಲೆಸ್ ಆಗಿದ್ದರೆ ಗೆರೆ ಯಾವ ದಿಕ್ಕಿಗೆ ಇರಬೇಕು ಅಂತ ಬಾಣ ಹಾಕಿ ತೋರಿಸಿ, ಇಲ್ಲವಾದರೆ ನೆಸ್ಟಿಂಗ್ ಸಾಫ್ಟ್‌ವೇರ್ ಜಾಗ ಉಳಿಸಲು ಸುಮ್ನೆ ತಿರುಗಿಸಿಬಿಡುತ್ತದೆ. ಎಡ ಬಲ ವ್ಯತ್ಯಾಸ ಇರುವ ತುಂಡಾದರೆ ಮಿರರ್ ಮಾಡಬಾರದು ಅಂತಲೂ ಬರೆಯಿರಿ. ಪಕ್ಕದ ಎರಡು ತುಂಡುಗಳಿಗೆ ನಡುವೆ ಒಂದೇ ಗೆರೆ ಹಾಕಿ ಕಟಿಂಗ್ ಉಳಿಸುವ ಉಪಾಯವನ್ನು ಅವರನ್ನು ಕೇಳದೆ ಡ್ರಾಯಿಂಗ್‌ನಲ್ಲಿ ಮಾಡಬೇಡಿ. ನಡುವಿನ ಕರ್ಫ್ ಎರಡು ತುಂಡಿನಿಂದಲೂ ಅರ್ಧರ್ಧ ತಿನ್ನುತ್ತದೆ, ಅಳತೆ ಸಣ್ಣದಾಗುತ್ತದೆ.

ಫೈಲ್ ಹೆಸರಿನಲ್ಲೇ ತುಂಡಿನ ಹೆಸರು, ಮೆಟೀರಿಯಲ್, ದಪ್ಪ, ಸಂಖ್ಯೆ, ರಿವಿಷನ್ ನಂಬರ್ ಇರಲಿ. "ಫೈನಲ್", "ಫೈನಲ್ ಹೊಸದು", "ಫೈನಲ್ ಇದೇ" ಅನ್ನುವ ಹೆಸರುಗಳು ಅವರ ಕಂಪ್ಯೂಟರ್‌ನಲ್ಲಿ ಆಗಲೇ ಬೇಕಾದಷ್ಟಿವೆ. ಹೊರ ಅಳತೆಯನ್ನೂ ಸೇರಿಸಿ, 240 ಗುಣಿಸು 160 ಅಂತ. ಫೈಲ್ ತೆರೆದಾಗ ಸ್ಕ್ರೀನಿನಲ್ಲಿ 225 ಗುಣಿಸು 150 ಕಂಡರೆ ಆಗಲೇ ಫೋನ್ ಬರುತ್ತದೆ. ಕಳಿಸಿದ ಡಿಎಕ್ಸ್‌ಎಫನ್ನು ನೀವು ಬಿಡಿಸಿದ ಸಾಫ್ಟ್‌ವೇರ್‌ನಲ್ಲಿ ಅಲ್ಲ, ಲಿಬ್ರೆಕ್ಯಾಡ್ ತರಹದ ಬೇರೊಂದರಲ್ಲಿ ಒಮ್ಮೆ ತೆರೆದು ಒಂದು ಹೋಲನ್ನಾದರೂ ಅಳೆಯಿರಿ. ಹತ್ತು ತುಂಡಿಗಿಂತ ಜಾಸ್ತಿ ಇದ್ದರೆ ಮೊದಲು ಒಂದನ್ನು ಮಾತ್ರ ಕಟ್ ಮಾಡಿಸಿ, ಕೈಯಲ್ಲಿ ಹಿಡಿದು ಬೋಲ್ಟ್ ಹಾಕಿ ನೋಡಿ, ಆಮೇಲೆ ಮಿಕ್ಕಿದ್ದಕ್ಕೆ ಹೂಂ ಅನ್ನಿ.